ರತ್ನಿ ಕುಳಿತಳೆಂದರೆ

ನಮ್ಮ ಅಡುಗೆಮನೆಯ ಹಲಗೆಯ ಮೇಲೆ, ಪಡಸಾಲೆಯಲ್ಲಿ ಕುಳಿತವರಿಗೂ ಕಾಣುವ ಹಾಗೆ, ಖಾರಪುಡಿಯ ಡಬ್ಬಿಗೂ ಉಪ್ಪಿನ ಭರಣಿಗೂ ನಡುವೆ ಒಂದು ಚೆಂಡಿದೆ. ಒಂದಾನೊಂದು ಕಾಲದಲ್ಲಿ ಅದು ಗಿಳಿಹಸಿರು ಬಣ್ಣದ ಟೆನಿಸ್ ಚೆಂಡಾಗಿತ್ತಂತೆ. ಈಗ ಅದರ ತುಪ್ಪಳವೆಲ್ಲ ನನ್ನ ತಲೆಗೂದಲಿನ ದಾರಿಯನ್ನೇ ಹಿಡಿದು ನಡುವೆ ಬೋಳಾಗಿದೆ, ಒಂದು ಬದಿಗೆ ಎಷ್ಟು ತೊಳೆದರೂ ಹೋಗದ ಕೆಂಪು ಕೂತಿದೆ. ಮನೆಗೆ ಬಂದವರು ಚಹಾ ಕುಡಿಯುತ್ತ ಅದನ್ನು ನೋಡುತ್ತಾರೆ, ಮೊಮ್ಮಕ್ಕಳು ಯಾರಾದರೂ ಬಂದಿದ್ದಾರೇನೋ ಎಂದು ಸುತ್ತ ನೋಡುತ್ತಾರೆ, ಕೊನೆಗೆ ತಮ್ಮ ಕಾಲ ಬಳಿ ಅಡ್ಡಬಿದ್ದಿರುವ ಬೆಲ್ಲದ ಬಣ್ಣದ ದೊಡ್ಡ ದೇಹವನ್ನು ಕಂಡು ಕಾಲುಗಳನ್ನು ಮೆಲ್ಲಗೆ ಮೇಲಕ್ಕೆ ಎಳೆದುಕೊಳ್ಳುತ್ತಾರೆ. ಹೆದರಬೇಕಾದ್ದಿಲ್ಲ. ಅವಳು ರತ್ನಿ. ಹಾವೇರಿಯ ಪೊಲೀಸ್ ಶ್ವಾನದಳದಲ್ಲಿ ಸಿಡಿಮದ್ದನ್ನು ಮೂಸಿ ಹುಡುಕುವ ಕೆಲಸ ಮಾಡಿ, ವಯಸ್ಸಾಗಿ, ನಿವೃತ್ತಳಾಗಿ, ರಾಣೆಬೆನ್ನೂರಿನ ನಮ್ಮ ಮನೆ ಸೇರಿದವಳು.

ನಾನು ಬೀಜ-ಗೊಬ್ಬರದ ವ್ಯಾಪಾರಿ. ವ್ಯಾಪಾರಿಗೆ ನಿವೃತ್ತಿ ಎಂಬುದಿಲ್ಲ. ಗಲ್ಲೆಯ ಹಿಂದೆ ಕುಳಿತಲ್ಲೇ ಮೀಸೆ ಬರುತ್ತದೆ, ಕುಳಿತಲ್ಲೇ ಆ ಮೀಸೆ ಬೆಳ್ಳಗಾಗುತ್ತದೆ. ಹಾಗಾಗಿ ನಿವೃತ್ತರನ್ನು ಕಂಡರೆ ನನಗೆ ಮೊದಲಿನಿಂದಲೂ ಒಂದು ಕುತೂಹಲ. ನೀವೂ ಗಮನಿಸಿರಬಹುದು, ಗೆಳೆಯರೇ: ರಿಟೈರಾದ ಮಾಸ್ತರರು ಅಂಗಡಿಗೆ ಬಂದರೆ ಬೀಜ ಕೇಳುವ ಮೊದಲು ಬೋರ್ಡಿನ ಮೇಲಿನ ಒತ್ತಕ್ಷರ ತಿದ್ದುತ್ತಾರೆ, ರಿಟೈರಾದ ಕಂಡಕ್ಟರು ಮದುವೆಯ ಪಂಕ್ತಿಯಲ್ಲೂ ಜನರನ್ನು ಹಿಂದೆ ಸರಿಸುತ್ತಾನೆ, ಕುಮಾರಪಟ್ಟಣದ ಕಾರ್ಖಾನೆಯಲ್ಲಿ ದುಡಿದು ಬಂದ ನಮ್ಮ ಓಣಿಯ ಹಿರಿಯರೊಬ್ಬರು ಇಂದಿಗೂ ಪಾಳಿಯ ಹೊತ್ತಿಗೆ ಬುತ್ತಿ ಕಟ್ಟಿಸಿಕೊಂಡು ಹೊರಟು, ಅದನ್ನು ಗುಡಿಯ ಕಟ್ಟೆಯ ಮೇಲೆ ಕುಳಿತು ಉಂಡು, ಸಂಜೆ ದಣಿದವರಂತೆ ಮನೆಗೆ ಬರುತ್ತಾರೆ. ವೃತ್ತಿ ಬಿಟ್ಟರೂ ಪ್ರವೃತ್ತಿ ಬಿಡುವುದಿಲ್ಲ. ಇದು ಮನುಷ್ಯರ ಮಾತು ಮಾತ್ರ ಎಂದು ನಾನು ತಿಳಿದಿದ್ದೆ.

ರತ್ನಿಯ ಬೀಳ್ಕೊಡುಗೆಗೆ ನಾವು ಗಂಡಹೆಂಡತಿ ಇಬ್ಬರೂ ಹೋಗಿದ್ದೆವು. ಹೋಗದೆ ವಿಧಿಯಿರಲಿಲ್ಲ, ಏಕೆಂದರೆ ಅವಳನ್ನು ಮರಿಯಿಂದ ಸಾಕಿ, ತರಬೇತಿ ಕೊಟ್ಟು, ಜೊತೆಯಲ್ಲಿ ದುಡಿದ ಪೊಲೀಸ್ ಬಸವರಾಜ ನನ್ನ ಹೆಂಡತಿ ಪಾರ್ವತಿಯ ಖಾಸಾ ತಮ್ಮ. ಮೈದಾನದಲ್ಲಿ ಶಾಮಿಯಾನ, ಕುರ್ಚಿ, ಮೈಕು ಎಲ್ಲ ಇತ್ತು. ಸಾಹೇಬರು ರತ್ನಿಗೆ ಶಾಲು ಹೊದಿಸಿ ಹಾರ ಹಾಕಿದರು. ಅವಳು ಆ ಹಾರವನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಶಿಸ್ತಾಗಿ ಮೂಸಿ, ಚೆಂಡುಹೂವಿನಲ್ಲಿ ಆಕ್ಷೇಪಾರ್ಹವಾದದ್ದು ಏನೂ ಇಲ್ಲವೆಂದು ಖಾತ್ರಿಯಾದ ಮೇಲೆಯೇ ಕತ್ತು ಕೊಟ್ಟಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಬಸವರಾಜ ಮಾತ್ರ ತಟ್ಟಲಿಲ್ಲ, ಅವನ ಒಂದು ಕೈಯಲ್ಲಿ ಅವಳ ಹಗ್ಗವಿತ್ತು, ಇನ್ನೊಂದು ಕೈ ಪ್ಯಾಂಟಿನ ಜೇಬಿನಲ್ಲಿತ್ತು.

ಅವನೇ ಅವಳನ್ನು ಮನೆಗೆ ಒಯ್ಯಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ, ನಾನೂ ಕೇಳಿದೆ. ಆದರೆ ಅವನ ಕೈಗೆ ಆಗಲೇ ಹೊಸ ಮರಿಯೊಂದು ಬಂದಿತ್ತು. ಮರಿಗೆ ತನ್ನ ಯಜಮಾನನೇ ಸೂರ್ಯ, ಚಂದ್ರ, ಊಟ, ಆಟ ಎಲ್ಲವೂ ಆಗಬೇಕು; ಅವನ ಮೈಮೇಲೆ ದಿನವೂ ಇನ್ನೊಂದು ನಾಯಿಯ ವಾಸನೆ ಬಂದರೆ ಕಲಿಕೆ ಕೆಡುತ್ತದೆ. ಇತ್ತ ಮುದುಕಿಗೂ ಅದು ಹಿಂಸೆಯೇ, ಯಜಮಾನ ಬೆಳಗಾದರೆ ಬೇರೊಬ್ಬಳ ಜೊತೆ ಜೀಪು ಹತ್ತುವುದನ್ನು ನೋಡುತ್ತ ಕೂರಬೇಕು. ಅದಕ್ಕಾಗಿ ಅವರ ದಳದಲ್ಲಿ ಹಿರಿಯರಿಂದ ನಡೆದು ಬಂದ ಒಂದು ಕಟ್ಟಳೆ ಇದೆಯಂತೆ: ಹಳೆಯ ನಾಯಿ ಹೊಸ ಮನೆಯವರನ್ನು ತನ್ನವರೆಂದು ಒಪ್ಪುವವರೆಗೆ ಹಳೆಯ ಯಜಮಾನ ಅದಕ್ಕೆ ಮುಖ ತೋರಿಸಬಾರದು. ಒಪ್ಪಿತು ಎಂದು ತಿಳಿಯುವುದು ಹೇಗೆ ಎಂದು ಕೇಳಿದ್ದಕ್ಕೆ ಬಸವರಾಜ ಎತ್ತಲೋ ನೋಡುತ್ತ, "ಅದು ನಿಮಗ ಗೊತ್ತಾಕ್ಕತಿ ಮಾವಾ," ಎಂದ. ನಮ್ಮ ಮನೆಯ ಬಾಗಿಲಿಗೆ ಅವಳನ್ನು ಇಳಿಸಿ, ತಿರುಗಿ ನೋಡದೆ ಹೋದ.

ನಮ್ಮದು ಮೊಟ್ಟೆ ಎಂಬ ಶಬ್ದವನ್ನು ಕೂಡ ಚಪ್ಪಲಿಯ ಜೊತೆ ಹೊರಗೆ ಬಿಟ್ಟು ಬರುವ ಮನೆ. ರತ್ನಿಗೋ ಸರ್ಕಾರಿ ಊಟದ ರೂಢಿ. ಪಾರ್ವತಿ ಎರಡು ದಿನ ಯೋಚಿಸಿ, ಮೂರನೆಯ ದಿನ ಹಿತ್ತಲಲ್ಲಿ ಮೂರು ಕಲ್ಲಿಟ್ಟು ಬೇರೊಂದು ಒಲೆ ಹೂಡಿ, ಮೂಗಿಗೆ ಸೆರಗು ಕಟ್ಟಿಕೊಂಡು ಮೊಟ್ಟೆ ಬೇಯಿಸಿದಳು. ನನ್ನ ಸಂಸಾರದಲ್ಲಿ ಅಷ್ಟು ದೊಡ್ಡ ಕ್ರಾಂತಿ ಅದಕ್ಕೆ ಮೊದಲು ಆಗಿರಲಿಲ್ಲ. ಆದರೆ ಯಾರಿಗಾಗಿ ಕ್ರಾಂತಿಯಾಯಿತೋ ಅವಳು ತಟ್ಟೆಯನ್ನು ಮೂಸಿ, ಮರ್ಯಾದೆಗೆಂದು ಎರಡು ತುತ್ತು ತಿಂದು, ಗೇಟಿನ ಬಳಿ ಹೋಗಿ ಮಲಗಿದಳು. ರಸ್ತೆಯಲ್ಲಿ ಜೀಪಿನ ಸದ್ದಾದರೆ ಕಿವಿ ಏಳುತ್ತಿತ್ತು. ಜೀಪು ಮುಂದೆ ಹೋದರೆ ಕಿವಿ ಬೀಳುತ್ತಿತ್ತು. ವಾರಗಳು ಕಳೆದಂತೆ ಪಕ್ಕೆಲುಬು ಎಣಿಸಲು ಬರುವಂತಾಯಿತು. ದನದ ಡಾಕ್ಟರು ಬಂದು, ರೋಗ ಯಾವುದೂ ಇಲ್ಲ, ಆದರೆ ಈ ವಯಸ್ಸಿನಲ್ಲಿ ಹೀಗೆ ಅರೆಹೊಟ್ಟೆ ಮಾಡಿದರೆ ಬಹಳ ದಿನ ತಾಳಲಾರಳು ಎಂದು ಹೇಳಿ ಹೋದರು. ತಮ್ಮನ ಪ್ರಾಣವನ್ನೇ ಮನೆಗೆ ತಂದಿಟ್ಟುಕೊಂಡು ಕಾಯಲಾರದೆ ಹೋದೆವೋ ಎಂಬ ಭಯ ನಮ್ಮಿಬ್ಬರಿಗೂ ಇತ್ತು.

ಮನೆಯಲ್ಲಿ ಕೊರಗುವುದು ಬೇಡವೆಂದು ಅವಳನ್ನು ಅಂಗಡಿಗೆ ಕರೆದೊಯ್ಯತೊಡಗಿದೆ. ಮೊದಲ ದಿನವೇ ಬಾಗಿಲಲ್ಲಿ ಅವಳ ನಡಿಗೆ ಬದಲಾಯಿತು. ಮುದುಕಿ ಮಾಯವಾಗಿ ಇನ್‌ಸ್ಪೆಕ್ಟರ್ ಪ್ರತ್ಯಕ್ಷಳಾದಳು. ಗೋವಿನಜೋಳದ ಬೀಜದ ಪೊಟ್ಟಣಗಳನ್ನು ದಾಟಿ, ಹತ್ತಿ ಬೀಜವನ್ನು ಕಡೆಗಣಿಸಿ, ಗೊಬ್ಬರದ ಚೀಲಗಳ ಸಾಲಿಗೆ ಮೂಗು ಹಚ್ಚಿ ನಡೆದು, ಒಂದು ಕಡೆ ನಿಂತು, ಸದ್ದಿಲ್ಲದೆ ಕುಳಿತಳು. ಕುಳಿತು ನನ್ನ ಮುಖ ನೋಡಿದಳು. ಪಾಪ, ದಣಿದಿದ್ದಾಳೆ ಎಂದು ಬೋಗುಣಿಯಲ್ಲಿ ನೀರಿಟ್ಟೆ. ನೀರಿನತ್ತ ತಿರುಗಿಯೂ ನೋಡದೆ ಎದ್ದು, ಒಂದು ಸುತ್ತು ಹಾಕಿ ಬಂದು, ಅದೇ ಚೀಲದ ಮುಂದೆ ಮತ್ತೆ ಕುಳಿತಳು. ಮಂಡಿನೋವು ಎಂದು ಗೋಣಿತಾಟು ಹಾಸಿದೆ. ಅವಳು ತಾಟನ್ನು ಬಿಟ್ಟು ಸಿಮೆಂಟಿನ ಮೇಲೆಯೇ ಕುಳಿತಳು. ಅಷ್ಟರಲ್ಲಿ ಹಲಗೇರಿಯ ರೈತ ಶಿವಪ್ಪ, ನಮ್ಮ ಹಳೆಯ ಗಿರಾಕಿ, ಗೊಬ್ಬರದ ಪುಡಿ ಮೆತ್ತಿದ ಕೈಚೀಲ ಹಿಡಿದು ಒಳಗೆ ಬಂದ. ರತ್ನಿ ಎದ್ದು ಹೋಗಿ ಅವನ ಮುಂದೆ ಕುಳಿತಳು.

"ಏನ್ರೀ ಸಾವಕಾರ್ರ, ಇದಕ್ಕ ನನ್ನ ಮ್ಯಾಲೆ ಏನರ ಸಂಶೇ ಐತೇನು?" ಎಂದು ಅವನು ಗೋಡೆಗೆ ಒತ್ತಿಕೊಂಡ.

"ವಯಸ್ಸಾಗೈತಿ ಮಾರಾಯ. ಕುಂದ್ರಾಕ ಜಾಗಾ ಹುಡುಕಾಕತ್ತೈತಿ," ಎಂದು ನಾನು ಸಮಾಧಾನ ಹೇಳಿದೆ.

ಎಂಥ ಮಾತು! ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ ಎನ್ನುತ್ತಾರಲ್ಲ, ಹಾಗೆ ನಾನು ಅವಳ ಕೊರಗಿಗೆ ಕಾರಣ ಹುಡುಕುತ್ತ ದಿನಗಟ್ಟಲೆ ಅವಳಿಗೆ ನೀರು ಕುಡಿಸಲು ಹೊರಟಿದ್ದೆ; ಕಾರಣ ನನ್ನ ಕಣ್ಣೆದುರಿಗೇ ಬೆನ್ನು ನೇರ ಮಾಡಿಕೊಂಡು ಕುಳಿತಿತ್ತು. ಕಡೆಗೊಮ್ಮೆ ಫೋನಿನಲ್ಲಿ ಬಸವರಾಜನಿಗೆ ಈ ಕುಳಿತುಕೊಳ್ಳುವ ಚಾಳಿಯನ್ನು ಹೇಳಿದೆ.

"ಮಾವಾ, ಮದ್ದಿನ ನಾಯಿ ಬೊಗಳಂಗಿಲ್ರಿ, ಪರಚಂಗಿಲ್ಲ. ಏನರ ಸಿಕ್ರ ಸುಮ್ನ ಕುಂದರತೈತಿ. ಆಕಿ ಕುಂತ್ಲಂದ್ರ ಸಿಕ್ತು ಅಂತ. ನಿಮ್ಮ ಗೊಬ್ಬರದಾಗ ಪೆಟ್ಲುಪ್ಪಿನ ವಾಸನಿ ಇರತೈತಿ, ಪಟಾಕಿ ಮದ್ದಿಗೂ ಅದನ್ನ ಹಾಕತಾರ. ಆವಾಗ ಆಕಿಗೆ ಚೆಂಡ ಕೊಡಬೇಕ್ರಿ."

"ಯಾವ ಚೆಂಡೋ?"

ಆಗ ಅವನು ತಡವರಿಸಿ ಹೇಳಿದ ಮಾತು ಇಷ್ಟು. ಈ ನಾಯಿಗಳಿಗೆ ಸಂಬಳವಿಲ್ಲ, ಭಡ್ತಿಯಿಲ್ಲ; ಹುಡುಕಿದ ಕೂಡಲೇ ಯಜಮಾನ ಜೇಬಿನಿಂದ ತೆಗೆದು ಎಸೆಯುವ ಒಂದು ಚೆಂಡು, ಅದರ ಜೊತೆ ಒಂದು ಶಹಬ್ಬಾಸ್, ಅಷ್ಟೇ ಅವರ ಸಕಲ ಐಶ್ವರ್ಯ. ಆ ಚೆಂಡನ್ನು ಬಸವರಾಜ ಕೊಟ್ಟಿರಲಿಲ್ಲ. "ಇನ್ನ ಆಕಿಗೆ ಡ್ಯೂಟಿ ಇಲ್ಲಲ್ಲ, ನೆನಪಿಗೆ ನನ್ನ ಕಡೇನ ಇರ್ಲಿ ಅಂತ ಇಟಗೊಂಡಿದ್ದೆ ಮಾವಾ," ಎಂದ. ಬೀಳ್ಕೊಡುಗೆಯ ದಿನ ಅವನ ಜೇಬಿನಲ್ಲಿದ್ದ ಕೈಯ ಗುಟ್ಟು ನನಗೆ ಆಗ ತಿಳಿಯಿತು.

ಮರುದಿನ ಹಾವೇರಿಯ ಬಸ್ಸಿನ ಡ್ರೈವರ್ ಕೈಯಲ್ಲಿ, ಖಾಕಿ ಕರವಸ್ತ್ರದಲ್ಲಿ ಗಂಟು ಕಟ್ಟಿದ ಚೆಂಡು ಬಂತು. ನಾನು ಸಂಭ್ರಮದಿಂದ ಅದನ್ನು ರತ್ನಿಯ ಮುಂದೆ ಉರುಳಿಸಿದೆ. ಅವಳು ನೋಡಿದಳು. ಬಾಲ ಒಮ್ಮೆ ಅಲ್ಲಾಡಿತು, ನಿಂತಿತು. ಮುಟ್ಟಲಿಲ್ಲ. ಕೆಲಸ ಮಾಡದೆ ಬಂದ ಚೆಂಡು ಅವಳ ಲೆಕ್ಕದಲ್ಲಿ ಚೆಂಡೇ ಅಲ್ಲ! ಪುಕ್ಕಟೆ ಸಿಕ್ಕರೆ ನನಗೂ ಒಂದಿರಲಿ, ನಮ್ಮ ಅಣ್ಣನಿಗೂ ಒಂದಿರಲಿ ಎನ್ನುವ ಮಂದಿಯ ನಡುವೆ ಬಾಳಿದ ನನಗೆ ಇದು ಹೊಸ ನೀತಿಪಾಠ. ಪ್ರಾಣಿಗಳಿಗೆ ಬೇಕಾದದ್ದು ಅನ್ನ, ನೆರಳು, ವಿಶ್ರಾಂತಿ ಎಂದು ನಾವು ತಿಳಿದಿರುತ್ತೇವೆ. ಮುದುಕರ ಬಗ್ಗೆಯೂ ಹಾಗೆಯೇ ತಿಳಿದಿರುತ್ತೇವೆ. ಸಾಕು ದುಡಿದದ್ದು, ಇನ್ನು ಸುಮ್ಮನೆ ಕೂಡು ಎನ್ನುವುದು ನಮ್ಮ ದೊಡ್ಡ ಪ್ರೀತಿಯ ಮಾತು. ರತ್ನಿಗೆ ಕೂಡುವುದೇ ಕೆಲಸವಾಗಿತ್ತು. ಅವಳು ದಿನವೂ ಕೆಲಸ ಮಾಡಿ ಒಪ್ಪಿಸುತ್ತಿದ್ದಳು, ನಾನು ದಿನವೂ ಅದನ್ನು ಆಯಾಸವೆಂದು ಓದುತ್ತಿದ್ದೆ. ಸರಿಯಾಗಿ ದುಡಿದರೂ ಕೇಳುವವರಿಲ್ಲದ ಮನೆಯಲ್ಲಿ ಯಾರಿಗೆ ಅನ್ನ ಸೇರುತ್ತದೆ, ನೀವೇ ಹೇಳಿ.

ಅಂದಿನಿಂದ ನಮ್ಮ ಮನೆಯಲ್ಲಿ ಹೊಸದೊಂದು ನಿತ್ಯಕರ್ಮ ಶುರುವಾಯಿತು. ಪಾರ್ವತಿ ಬೆಳಗಿನ ರಂಗೋಲಿ ಮುಗಿಸಿ, ಚಿಟಿಕೆ ಗೊಬ್ಬರವನ್ನು ಬಟ್ಟೆಯ ಚೂರಿನಲ್ಲಿ ಕಟ್ಟಿ, ಮುಚ್ಚಳಕ್ಕೆ ತೂತು ಕೊರೆದ ಡಬ್ಬಿಯಲ್ಲಿ ಹಾಕಿ ಎಲ್ಲಾದರೂ ಅಡಗಿಸುತ್ತಿದ್ದಳು. ಮೂವತ್ತು ವರ್ಷ ನನ್ನ ಕಣ್ಣಿಗೆ ಬೀಳದಂತೆ ಸಕ್ಕರೆ ಅಡಗಿಸಿಟ್ಟು ಪಳಗಿದ ಕೈ ಅದು. ಬೀಸುವ ಕಲ್ಲಿನ ಹಿಂದೆ, ಕೌದಿಗಳ ನಡುವೆ, ನನ್ನ ಹೊಸ ಚಪ್ಪಲಿಯ ಡಬ್ಬಿಯಲ್ಲಿ, ಎಲ್ಲಿಟ್ಟರೂ ರತ್ನಿ ಬಂದು ಕುಳಿತಳೇ. "ಅಯ್ಯ ಹಡದವ್ವಾ, ಇಲ್ಲೂ ಬಿಡಲಿಲ್ಲೇನ!" ಎಂದು ಪಾರ್ವತಿ ಕೆನ್ನೆಗೆ ಕೈಯಿಡುವಳು, ನಾನು ಶಹಬ್ಬಾಸ್ ಎಂದು ಚೆಂಡು ಎಸೆಯುವೆನು. ತಟ್ಟೆಯಲ್ಲಿ ಉಳಿಯುವುದು ಕಡಿಮೆಯಾಯಿತು. ಆದರೂ ಪೂರ್ತಿ ಬರಿದಾಗಲಿಲ್ಲ. ಎಸೆದ ಚೆಂಡನ್ನು ಅವಳು ಹಿಡಿಯುತ್ತಿದ್ದಳು, ಆದರೆ ನಮಗೆ ತಂದು ಕೊಡುತ್ತಿರಲಿಲ್ಲ. ಗೇಟಿನ ಬಳಿಗೆ ಒಯ್ದು, ಗದ್ದದ ಕೆಳಗಿಟ್ಟುಕೊಂಡು, ಹಾವೇರಿಯ ರಸ್ತೆಯ ಕಡೆ ಮುಖ ಮಾಡಿ ಮಲಗುತ್ತಿದ್ದಳು. ಅದನ್ನು ನೋಡಿ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಗುತ್ತಿತ್ತು. ಬಡ್ಡಿಗೆ ಬಂದವನಂತೆ ದಿನವೂ ಬಾಗಿಲಲ್ಲಿ ನಿಂತು ನಾನು ಬೇಡುತ್ತಿದ್ದದ್ದು ಒಂದು ಬೋಳು ಚೆಂಡನ್ನು.

ಹೀಗಿರುವಾಗ ಮೆಣಸಿನಕಾಯಿಯ ಕಾಲ ಬಂತು. ವರ್ಷದ ಖಾರಪುಡಿಗೆ ಬ್ಯಾಡಗಿಗೆ ಹೋಗಿ, ನಮ್ಮ ಗುರುತಿನ ದಲಾಲರ ಅಂಗಡಿಯಲ್ಲಿ ಕಾಯಿ ಮುರಿದು ನೋಡಿ ತರುವುದು ಪಾರ್ವತಿಯ ವ್ರತ. ರತ್ನಿಯನ್ನು ಒಂಟಿಯಾಗಿ ಬಿಡುವಂತಿರಲಿಲ್ಲ, ಮೆಣಸಿನಕಾಯಿಯ ಊರಿಗೆ ಅಂಥ ಮೂಗನ್ನು ಒಯ್ಯಲು ನನಗೆ ಮನಸ್ಸಿರಲಿಲ್ಲ. "ಅಂಗಡಿ ಹಿತ್ತಲದಾಗ ದೂರ ನಿಂದ್ರಸ್ರಿ, ಏನಾಗಂಗಿಲ್ಲ. ಆಕೀನೂ ನಾಕ ಮಂದೀನ್ನ ನೋಡ್ಲಿ," ಎಂದು ಪಾರ್ವತಿ ಹಟ ಹಿಡಿದಳು. ಅಷ್ಟು ಹಟ ಏಕೆ ಎಂದು ನಾನು ಕೇಳಬೇಕಿತ್ತು. ಮೋಟೆಬೆನ್ನೂರಿನಲ್ಲಿ ಹೆದ್ದಾರಿ ಬಿಟ್ಟು ಹೊರಳಿದೊಡನೆ ನಮ್ಮ ವ್ಯಾನಿನೊಳಕ್ಕೆ ಆ ಘಮ ಬಂತು. ನಾನು ಸೀನಿದೆ, ಪಾರ್ವತಿ ಸೀನಿದಳು, ರತ್ನಿ ಕಿಟಕಿಯಿಂದ ಮುಖ ಹೊರಹಾಕಿ ಗಂಭೀರವಾಗಿ ಗಾಳಿಯನ್ನು ಓದಿದಳು.

ಹಿತ್ತಲಿನಲ್ಲಿ ಹೆಂಗಸರು ಸಾಲಾಗಿ ಕುಳಿತು ಕಾಯಿಯ ತೊಟ್ಟು ಬಿಡಿಸುತ್ತಿದ್ದರು. ಅವರ ಹಿಂದೆ ತುಂಬಿದ ಚೀಲಗಳ ಗೋಡೆ. ನಾನು ಹಗ್ಗ ಹಿಡಿದು ಬೇವಿನ ಮರದಡಿ ನಿಂತಿದ್ದೆ. ಇದ್ದಕ್ಕಿದ್ದಂತೆ ರತ್ನಿಯ ಮೈ ಬಿಗಿಯಿತು. ಆ ವಯಸ್ಸಿನಲ್ಲಿ ಅಷ್ಟು ಬಲ ಎಲ್ಲಿತ್ತೋ, ನನ್ನನ್ನು ಎಳೆದುಕೊಂಡೇ ಹೊರಟಳು. ಹೆಂಗಸರು ಹೋ ಎಂದು ಎದ್ದು ದಾರಿ ಬಿಟ್ಟರು. ಚೀಲಗಳ ಸಾಲನ್ನು ಒಂದೊಂದಾಗಿ ಮೂಸುತ್ತ ಹೋಗಿ, ಕೊನೆಯ ಮೂಲೆಯಲ್ಲಿ ತಿರುಗಿ, ನಿಂತು, ಕುಳಿತಳು. ಬೊಗಳಲಿಲ್ಲ, ಹಾರಲಿಲ್ಲ, ಬಾಲ ಮಾತ್ರ ನೆಲದ ಕೆಂಪು ಧೂಳನ್ನು ಅತ್ತಿತ್ತ ಗುಡಿಸುತ್ತಿತ್ತು. ಅವಳೆದುರಿಗೆ ಎರಡು ಚೀಲಗಳ ಸಂದಿಯಲ್ಲಿ, ತಲೆಗೆ ಮುಖಕ್ಕೆ ಟವೆಲ್ ಸುತ್ತಿಕೊಂಡು, ಮೊಳಕಾಲು ಮಡಚಿ ಕುಳಿತಿದ್ದವನು ನನ್ನ ಹೆಂಡತಿಯ ತಮ್ಮ.

"ಮೆಣಸಿನಕಾಯ್ಯಾಗ ನನ್ನ ವಾಸನಿ ಮುಚ್ಚತೈತಿ ಅಂದಕೊಂಡಿದ್ನಿ ಮಾವಾ," ಎಂದ. "ದೂರಿಂದ ಒಂದೀಟ ನೋಡಿ ಹೋಗೋಣಂತ ಬಂದಿದ್ದೆ. ಅಕ್ಕಾಗ ನಾನ ಗಂಟಬಿದ್ದೆ."

ಇಡೀ ಜಿಲ್ಲೆಯ ಸಂತೆ, ನಿಲ್ದಾಣ, ಸಭೆಗಳಲ್ಲಿ ಆ ಮೂಗನ್ನು ನಂಬಿ ನಡೆದ ಮನುಷ್ಯ, ತಾನು ಮಾತ್ರ ಅದರಿಂದ ತಪ್ಪಿಸಿಕೊಳ್ಳಬಲ್ಲೆನೆಂದು ನಂಬಿದ್ದ. ಪ್ರೀತಿ ಎಂಥ ಪೊಲೀಸನ ಬುದ್ಧಿಯನ್ನೂ ಕಸಿಯುತ್ತದೆ. ಅವನ ಕಣ್ಣಿಂದ ಧಾರೆಯಾಗಿ ನೀರು ಸುರಿಯುತ್ತಿತ್ತು.

"ಖಾರ ಹೋಗೇತ್ರಿ ಕಣ್ಣಾಗ," ಎಂದು ಟವೆಲ್ಲಿನಿಂದ ಒರೆಸಿಕೊಂಡ.

ಹಿಂದಿನಿಂದ ಓಡಿಬಂದ ಪಾರ್ವತಿ, "ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಎಲ್ಲೀದೋ ತಮ್ಮಾ," ಎಂದಳು. ಅವಳ ಕಣ್ಣಲ್ಲೂ ಅದೇ ಇಲ್ಲದ ಖಾರ.

ರತ್ನಿ ಇನ್ನೂ ಕುಳಿತೇ ಇದ್ದಳು. ಕೆಲಸ ಮುಗಿದಿದೆ, ಚೆಂಡು ಬರಬೇಕು. ಚೆಂಡು ನನ್ನ ಜೇಬಿನಲ್ಲಿತ್ತು. ಅದನ್ನು ತೆಗೆದು ನಾನು ಬಸವರಾಜನ ಕಡೆ ಚಾಚಿದೆ. ಅದು ಅವನದೇ ಅಲ್ಲವೇ? ಅವನ ಕೈ ಮುಂದೆ ಬಂತು, ಬೆರಳುಗಳು ಚೆಂಡನ್ನು ಮುಟ್ಟಿದವು. ಅವನು ಎಸೆದರೆ ಅವಳು ಮತ್ತೆ ಅವನವಳೇ, ಸಂಜೆಗೆ ಅವನು ಜೀಪು ಹತ್ತುವಾಗ ಎಲ್ಲ ಮೊದಲಿನಿಂದ, ಅದೂ ಅವಳ ಈ ವಯಸ್ಸಿನಲ್ಲಿ, ಈ ಪಕ್ಕೆಲುಬಿನಲ್ಲಿ. ನಮಗೆ ಮೂವರಿಗೂ ಅದು ಗೊತ್ತಿತ್ತು. ಅವನು ಕೈ ಹಿಂದಕ್ಕೆ ತೆಗೆದುಕೊಂಡ.

"ನೀವ ಕೊಡ್ರಿ ಮಾವಾ. ಹಗ್ಗ ನಿಮ್ಮ ಕೈಯಾಗೈತಿ. ಆಕಿ ಹುಡುಕಿದ್ದು ನಿಮ್ಮ ಸಲುವಾಗಿ. ನಾನು ಬರೇ ಸಿಕ್ಕಾಂವ."

ನಾನು ಶಹಬ್ಬಾಸ್ ಎಂದೆ. ಚೆಂಡು ಎಸೆದೆ. ಅದು ಹರವಿದ ಕಾಯಿಗಳ ಮೇಲೆ ಉರುಳಿ ಕೆಂಪಾಯಿತು. ರತ್ನಿ ಹೋಗಿ ಕಚ್ಚಿಕೊಂಡು, ನಡುದಾರಿಯಲ್ಲಿ ನಿಂತು, ಅವನನ್ನು ನೋಡಿದಳು, ನನ್ನನ್ನು ನೋಡಿದಳು. ಬಸವರಾಜ ಮುಖ ಬೇರೆಡೆಗೆ ತಿರುಗಿಸಿ ಚೀಲದ ಹೊಲಿಗೆಯನ್ನು ಪರೀಕ್ಷಿಸತೊಡಗಿದ. ಅವಳು ನಿಧಾನವಾಗಿ ನನ್ನ ಬಳಿ ಬಂದು, ಒದ್ದೆಯಾದ ಆ ಚೆಂಡನ್ನು ನನ್ನ ಅಂಗೈಯಲ್ಲಿಟ್ಟಳು. ನಾನು ಗಟ್ಟಿಯಾಗಿ ಸೀನಿದೆ. ಎಲ್ಲರೂ ನಕ್ಕರು, ಬಸವರಾಜ ಎಲ್ಲರಿಗಿಂತ ಜೋರಾಗಿ ನಕ್ಕ.

ಅಂದು ಸಂಜೆ ಅವಳು ತಟ್ಟೆಯನ್ನು ಬೆಳಗುವ ಕೆಲಸವೇ ಉಳಿಯದಂತೆ ನೆಕ್ಕಿದಳು. ಈಗ ಬಸವರಾಜ ಬಿಡುವಿದ್ದಾಗ ರಾಜಾರೋಷವಾಗಿ ಬರುತ್ತಾನೆ. ಗೊಬ್ಬರದ ಗಂಟಿನ ಬದಲು ತಾನೇ ಅಟ್ಟದಲ್ಲೋ ಕೊಟ್ಟಿಗೆಯಲ್ಲೋ ಅಡಗುತ್ತಾನೆ, ಅವಳು ಹುಡುಕಿ ಕುಳಿತು ನನ್ನತ್ತ ನೋಡುತ್ತಾಳೆ, ನಾನು ಹಲಗೆಯ ಮೇಲಿನಿಂದ ಚೆಂಡು ತರುತ್ತೇನೆ. ಅವಳ ಹಿಂಗಾಲುಗಳು ಈಗ ಬಳಲಿವೆ. ಕೂಡುವುದಕ್ಕೆ ಮೊದಲು ಒಂದು ಸಲ ಯೋಚಿಸುತ್ತಾಳೆ. ಹಾಗಾಗಿ ಅವಳು ಕುಳಿತಳೆಂದರೆ ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಏಳುತ್ತೇನೆ.

ಇವತ್ತು ಅಂಗಡಿಗೆ ರಜೆ. ಮಿಂದು, ಮಡಿ ಪಂಚೆ ಉಟ್ಟು, ಪಡಸಾಲೆಯಲ್ಲಿ ಇದನ್ನು ಬರೆಯುತ್ತ ಕುಳಿತಿದ್ದೆ. ರತ್ನಿ ಗೇಟಿನ ಕಡೆಯಿಂದ ಎದ್ದು, ಮನೆಯನ್ನೊಂದು ಸುತ್ತು ಮೂಸಿ, ಬಂದು, ನನ್ನ ಮುಂದೆ ಕಷ್ಟಪಟ್ಟು ಕುಳಿತಳು. ನಾನು ಕೈ ಮೂಸಿಕೊಂಡೆ, ಸಾಬೂನಿನ ವಾಸನೆ. ಕುರ್ಚಿಯ ಕೆಳಗೆ ನೋಡಿದೆ, ಏನಿಲ್ಲ.

"ಪಾರೂ, ಇಲ್ಲೇನರ ಇಟ್ಟೀಯೇನ?" ಎಂದು ಕೂಗಿದೆ.

"ಇಲ್ರೀ, ಇವತ್ತ ಏನೂ ಇಟ್ಟಿಲ್ಲ," ಎಂದಳು ಒಳಗಿನಿಂದ.

ರತ್ನಿ ಬೆನ್ನು ನೇರ ಮಾಡಿಕೊಂಡು ನನ್ನ ಮುಖವನ್ನೇ ನೋಡುತ್ತಿದ್ದಾಳೆ. ಇವತ್ತು ಸಿಕ್ಕವನು ನಾನೇ ಇರಬೇಕು. ನಾನು ಎದ್ದು ಚೆಂಡು ತರಲು ಹೋಗುತ್ತಿದ್ದೇನೆ.